563ರಿಂದ 505ಕ್ಕಿಳಿದ ಅಂಕ, ಹಾಸನದಲ್ಲಿ ಸಿಕ್ಕ ಸೀಟು: ಒಂದು ಪ್ರಕರಣ ಅಧ್ಯಯನ

ಎಂಬಿಬಿಎಸ್ ಪ್ರವೇಶಕ್ಕಾಗಿ 2024ರಲ್ಲಿ ನಡೆದ ನೀಟ್‌ನಲ್ಲಿ 563. ಹಾಸನದಲ್ಲಿ ಪೇಯಿಂಗ್ ಗೆಸ್ಟ್ ಇದ್ದುಕೊಂಡು ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಮುಗಿಸಿ 2025ರಲ್ಲಿ ಮತ್ತೆ ಬರೆದಾಗ 505. ಫಲಿತಾಂಶ ಬಂದ ದಿನ ಸಕಲೇಶಪುರ ತಾಲ್ಲೂಕಿನ ಆ ಮನೆಯಲ್ಲಿ ಒಲೆ ಹೊತ್ತಿಸುವ ಮನಸ್ಸೂ ಯಾರಿಗೂ ಇರಲಿಲ್ಲ. ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿರುವ ತಂದೆ ಅಂದದ್ದು ಇಷ್ಟೇ: "ವರ್ಷಾನೂ ಹೋಯ್ತು, ಐವತ್ತೆಂಟು ನಂಬರೂ ಹೋಯ್ತಲ್ಲ ಮಗಾ." ಮಗಳು ಸ್ಕೋರ್ ಕಾರ್ಡಿನ ಕೆಳಗಿನ ಸಾಲು ತೋರಿಸಿದಳು. "ಅಪ್ಪಾ, ನಂಬರ್ ನೋಡಬೇಡಿ, ರ‍್ಯಾಂಕ್ ನೋಡಿ." ಹೋದ ವರ್ಷ ಲಕ್ಷದಾಚೆ ಇದ್ದ ಅಖಿಲ ಭಾರತ ರ‍್ಯಾಂಕ್ ಈ ಸಲ ಅರವತ್ತು ಸಾವಿರದೊಳಗೆ ಬಂದಿತ್ತು.

ಇಲ್ಲಿ ಬರುವ ಕುಟುಂಬ ಒಂದೇ ಮನೆಯದಲ್ಲ. ಹಾಸನ, ಚಿಕ್ಕಮಗಳೂರು ಕಡೆಯ ಮಕ್ಕಳಿಗೆ ಪ್ರತಿವರ್ಷ ಎದುರಾಗುವ ತೊಡಕುಗಳನ್ನು ಒಬ್ಬಳ ಕಥೆಯಲ್ಲಿ ಕೂಡಿಸಿ, ವಿಷಯವಾರು ಅಂಕ ಮತ್ತು ಸೀಟು ಹಂಚಿಕೆಯ ಸುತ್ತುಗಳ ಫಲಿತಾಂಶವನ್ನು ವಿವರಣೆಗಾಗಿ ಹೊಂದಿಸಲಾಗಿದೆ. ಪರೀಕ್ಷೆಯ ಅಂಕಿ ಅಂಶ, ಮೀಸಲಾತಿಯ ಪ್ರಮಾಣ, ಹಂಚಿಕೆಯ ಕ್ರಮ ಇರುವಂಥವೇ.

ಅಂಕ ಕುಸಿದು ರ‍್ಯಾಂಕ್ ಏರಿದ್ದು ಹೇಗೆ

2024ರ ಪತ್ರಿಕೆ ಅಂಕಗಳನ್ನು ಸುರಿದುಕೊಟ್ಟ ಪತ್ರಿಕೆ. ಗೊಂದಲಗಳೆಲ್ಲ ಮುಗಿದು ಅಂತಿಮ ಪಟ್ಟಿ ಬಂದ ಮೇಲೂ 17 ಮಂದಿಗೆ 720ಕ್ಕೆ 720 ಇತ್ತು. 600 ತೆಗೆದವರ ಮುಂದೆ ಹತ್ತಾರು ಸಾವಿರ ಜನ ನಿಂತಿದ್ದರು. 2025ರಲ್ಲಿ ಲೆಕ್ಕವೇ ತಿರುಗಿತು. ಹಿಂದಿನ ವರ್ಷದವರೆಗೆ 200 ಪ್ರಶ್ನೆಗಳಲ್ಲಿ 180 ಆರಿಸಿಕೊಂಡು 200 ನಿಮಿಷದಲ್ಲಿ ಬರೆಯುವ ಸೌಲಭ್ಯವಿತ್ತು. ಅದು ಹೋಗಿ 180 ಪ್ರಶ್ನೆಗೆ 180 ನಿಮಿಷ ಆಯಿತು. ಅದರ ಮೇಲೆ ಭೌತಶಾಸ್ತ್ರ ಉದ್ದವೂ ಆಗಿತ್ತು, ಕಠಿಣವೂ ಆಗಿತ್ತು. ದೇಶಕ್ಕೇ ಅತಿ ಹೆಚ್ಚು ಅಂದರೆ 686. ಇಡೀ ದೇಶದಲ್ಲಿ 651 ಮೇಲ್ಪಟ್ಟವರು 73 ಜನ, 601ರಿಂದ 650ರೊಳಗಿನವರು 1,259.

ಹೀಗಿರುವಾಗ "ಹೋದ ವರ್ಷ ಹಾಸನಕ್ಕೆ ಎಷ್ಟು ಅಂಕಕ್ಕೆ ಸೀಟು ನಿಂತಿತ್ತು?" ಎಂಬ ಪ್ರಶ್ನೆಗೆ ಬೆಲೆಯಿಲ್ಲ. ಎಷ್ಟು ರ‍್ಯಾಂಕಿಗೆ, ಯಾವ ವರ್ಗದಲ್ಲಿ, ಯಾವ ಸುತ್ತಿನಲ್ಲಿ ನಿಂತಿತ್ತು ಎಂದು ಕೇಳಬೇಕು. ಕೋಚಿಂಗ್ ಕೇಂದ್ರಗಳ ಗೋಡೆಯ ಮೇಲೆ ಅಂಟಿಸುವ ಅಂಕಗಳ ಕಟ್‌ಆಫ್ ಪಟ್ಟಿ ನೋಡಿಕೊಂಡು ಸೀಟಿನ ಆಸೆಯನ್ನೇ ಕೈಬಿಟ್ಟವರು ಬೇಕಾದಷ್ಟಿದ್ದಾರೆ.

ಸ್ಕೋರ್ ಕಾರ್ಡಿನಲ್ಲಿ ಇನ್ನೊಂದು ಸಂಖ್ಯೆ ಜನರನ್ನು ದಾರಿ ತಪ್ಪಿಸುತ್ತದೆ. ಈ ಹುಡುಗಿಯ ಪರ್ಸೆಂಟೈಲ್ 97ರ ಮೇಲಿತ್ತು. ಅದನ್ನು ಶೇಕಡಾ ಅಂಕ ಎಂದುಕೊಂಡ ಚಿಕ್ಕಪ್ಪ ಬೆಂಗಳೂರಿನ ದೊಡ್ಡ ಕಾಲೇಜೇ ಸಿಗುತ್ತದೆ ಎಂದು ಊರಿಗೆಲ್ಲ ಹೇಳಿಬಿಟ್ಟರು. ಪರೀಕ್ಷೆ ಬರೆದವರಲ್ಲಿ ಶೇ 97ರಷ್ಟು ಜನ ಇವಳ ಸಮಕ್ಕೆ ಅಥವಾ ಹಿಂದೆ ಇದ್ದಾರೆ ಎಂಬುದಷ್ಟೇ ಅದರ ಅರ್ಥ. ಬರೆದವರೇ 22 ಲಕ್ಷ ದಾಟಿರುವಾಗ ಮುಂದಿರುವ ಶೇ 3 ಅಂದರೂ 66 ಸಾವಿರ ಜನ. ‘ಅರ್ಹತೆ’ ಎಂಬುದೂ ಅಷ್ಟೇ ಮೋಸದ ಪದ. 2025ರಲ್ಲಿ ಸಾಮಾನ್ಯ ವರ್ಗಕ್ಕೆ 144, ಒಬಿಸಿ ಮತ್ತು ಪರಿಶಿಷ್ಟರಿಗೆ 113 ಅಂಕ ಬಂದರೆ ಅರ್ಹತೆ ಸಿಕ್ಕಿತು. ಹಾಗೆ ಅರ್ಹರಾದವರು 12.36 ಲಕ್ಷ, ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟು 1.2 ಲಕ್ಷದ ಆಸುಪಾಸು. ಆ ಗೆರೆ ದಾಟಿದ್ದಕ್ಕೆ ಸೀಟು ಹಂಚುವ ಕೌನ್ಸೆಲಿಂಗ್‌ನ ಬಾಗಿಲು ತೆರೆಯುತ್ತದೆ, ಸೀಟಲ್ಲ.

505 ಹೇಗೆ ಕೂಡಿತು

ಜೀವಶಾಸ್ತ್ರದ 90 ಪ್ರಶ್ನೆಯಲ್ಲಿ 78 ಸರಿ, 10 ತಪ್ಪು, 2 ಖಾಲಿ: 302 ಅಂಕ. ರಸಾಯನಶಾಸ್ತ್ರದ 45ರಲ್ಲಿ 32 ಸರಿ, 11 ತಪ್ಪು, 2 ಖಾಲಿ: 117. ಭೌತಶಾಸ್ತ್ರದ 45ರಲ್ಲಿ 25 ಸರಿ, 14 ತಪ್ಪು, 6 ಖಾಲಿ: 86. ಸರಿಗೆ 4, ತಪ್ಪಿಗೆ ಒಂದು ಕಳೆತ.

ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ ಎಂದು ಮಕ್ಕಳಿಗೆ ಹೇಳುತ್ತಾರೆ. ಲೆಕ್ಕ ಹಾಕಿದರೆ ಆ ಮಾತು ಅರ್ಧ ಮಾತ್ರ ನಿಜ. ಕಣ್ಣು ಮುಚ್ಚಿ ತುಂಬಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ ಎಂದುಕೊಂಡರೆ ಸರಾಸರಿ ಕಾಲು ಅಂಕದ ಲಾಭವೇ ಇದೆ. ನಾಲ್ಕರಲ್ಲಿ ಎರಡು ಉತ್ತರ ಖಂಡಿತ ಅಲ್ಲ ಎಂದು ಗೊತ್ತಿದ್ದರೆ ಲಾಭ ಒಂದೂವರೆ ಅಂಕ. ಇವಳ 14 ತಪ್ಪುಗಳಿಗೆ ಕಾರಣ ಊಹೆಯಲ್ಲ. ಭೌತಶಾಸ್ತ್ರದ ಉದ್ದದ ಲೆಕ್ಕಗಳಿಗೆ ಮೊದಲೇ ಕೈ ಹಾಕಿ ಸಮಯ ಕಳೆದುಕೊಂಡು, ಕೊನೆಯ ಹತ್ತು ನಿಮಿಷದಲ್ಲಿ ಓಎಂಆರ್ ಹಾಳೆಯನ್ನು ಗಡಿಬಿಡಿಯಲ್ಲಿ ತುಂಬಿದ್ದು. ಅದಕ್ಕೇ ಜೀವಶಾಸ್ತ್ರದ 90 ಮುಗಿಸಿ, ಓಎಂಆರ್ ಹಾಳೆಯಲ್ಲಿ ಅವುಗಳ ವೃತ್ತಗಳನ್ನು ತುಂಬಿಯೇ ಮುಂದಕ್ಕೆ ಹೋಗಬೇಕು ಎನ್ನುವುದು.

ಜೀವಶಾಸ್ತ್ರದ ಅಂಕಕ್ಕೆ ಇನ್ನೊಂದು ತೂಕವೂ ಇದೆ. 505ರ ಮಟ್ಟದಲ್ಲಿ ಒಂದೊಂದು ಅಂಕದ ಮೇಲೂ ನೂರಾರು ಮಂದಿ ನಿಂತಿರುತ್ತಾರೆ. ಅವರೊಳಗೆ ಮೊದಲು ಯಾರು ಎಂದು ತೀರ್ಮಾನಿಸಲು ಜೀವಶಾಸ್ತ್ರದ ಅಂಕ ನೋಡುತ್ತಾರೆ, ಅದೂ ಸಮವಾದರೆ ರಸಾಯನಶಾಸ್ತ್ರ, ಆಮೇಲೆ ಭೌತಶಾಸ್ತ್ರ, ನಂತರ ತಪ್ಪು ಉತ್ತರಗಳ ಪ್ರಮಾಣ ಯಾರದ್ದು ಕಡಿಮೆ ಎಂಬುದು. ಜೀವಶಾಸ್ತ್ರದಲ್ಲಿ 302 ಇದ್ದದ್ದರಿಂದ ಇವಳು ಅಷ್ಟೇ ಅಂಕದ ಹಲವರಿಗಿಂತ ಮುಂದೆ ಬಂದಳು.

ತೂಕಕ್ಕೇ ಬಾರದ ಸಂಗತಿಗಳು

ಎಸ್ಸೆಸ್ಸೆಲ್ಸಿ ಅಂಕ, ಪಿಯುಸಿ ಅಂಕ, ಸಂದರ್ಶನ, ಶಿಫಾರಸು ಪತ್ರ, ಯಾವುದೂ ಎಂಬಿಬಿಎಸ್ ರ‍್ಯಾಂಕಿಗೆ ಸೇರುವುದಿಲ್ಲ. ಎಂಜಿನಿಯರಿಂಗಿಗೆ ಸಿಇಟಿ ಅಂಕದ ಅರ್ಧ, ಪಿಯುಸಿ ಅಂಕದ ಅರ್ಧ ಕೂಡಿಸುವುದರಿಂದ ವೈದ್ಯಕೀಯಕ್ಕೂ ಹಾಗೇ ಎಂದು ಬಹಳ ಜನ ನಂಬಿದ್ದಾರೆ. 2006ರಲ್ಲಿ ಶುರುವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾಗಲಿ, ಆಮೇಲೆ ಬಂದ ಚಿಕ್ಕಮಗಳೂರಿನದಾಗಲಿ ವಿದ್ಯಾರ್ಥಿಯನ್ನು ತಾನೇ ಆರಿಸುವುದಿಲ್ಲ. ಕಾಲೇಜಿನ ಕಚೇರಿಗೆ ಬರುವುದು ಹಂಚಿಕೆಯಾದವರ ಪಟ್ಟಿ. ಖಾಸಗಿ ಕಾಲೇಜಿನ ಸೀಟಿಗೂ ನೀಟ್ ಅರ್ಹತೆ ಇರಲೇಬೇಕು. ಫಲಿತಾಂಶ ಬಂದ ವಾರದಲ್ಲಿ ಫೋನ್ ಮಾಡಿ "ಡೀನ್ ಗೊತ್ತು, ಸರ್ಕಾರಿ ಸೀಟು ಮಾಡಿಸಿಕೊಡ್ತೀವಿ, ಅಡ್ವಾನ್ಸ್ ಹಾಕಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಡೀನ್ ಕೈಯಲ್ಲೇ ಇಲ್ಲದ ಸೀಟನ್ನು ಇವರು ಎಲ್ಲಿಂದ ತರುತ್ತಾರೆ?

ಹಾಸನದ 150 ಸೀಟುಗಳ ಒಡೆತ

ಈ ಭಾಗವನ್ನು ಪೆನ್ನು ಹಿಡಿದೇ ಓದಬೇಕು. ಹಾಸನದಲ್ಲಿ 150 ಸೀಟು. ಶೇ 15, ಅಂದರೆ 22 ಅಥವಾ 23, ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅದನ್ನು ದೆಹಲಿಯ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ತುಂಬುತ್ತದೆ. ಉಳಿದ 127ರಷ್ಟನ್ನು ಬೆಂಗಳೂರಿನ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚುತ್ತದೆ.

ಆ 127ರಲ್ಲಿ ಪರಿಶಿಷ್ಟ ಜಾತಿಗೆ ಶೇ 17, ಪರಿಶಿಷ್ಟ ಪಂಗಡಕ್ಕೆ 7, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಒಟ್ಟು 56, ಸಾಮಾನ್ಯ ಅರ್ಹತೆಗೆ, ಅಂದರೆ ಜಿಎಂಗೆ, ಉಳಿಯುವುದು 44. ನಮ್ಮ ಹುಡುಗಿ 2ಎ. 127ರ ಶೇ 15 ಅಂದರೆ 19 ಸೀಟು. ವಿಶೇಷ ವರ್ಗಗಳಿಗೆ ತೆಗೆದಿಡುವುದನ್ನು ಕಳೆದು ರೋಸ್ಟರ್ ಹಾಕಿದಾಗ ಒಂದೆರಡು ಆಚೀಚೆ ಆಗುತ್ತದೆ, ಆದ್ದರಿಂದ ಆ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ವರ್ಗಕ್ಕೆ ಎಷ್ಟು ಸೀಟು ಎಂಬ ಪಟ್ಟಿ) ನೋಡಿಯೇ ಖಚಿತ ಮಾಡಿಕೊಳ್ಳಬೇಕು.

ಈ 19 ಮತ್ತೆ ಒಡೆಯುತ್ತದೆ. ಗ್ರಾಮೀಣಕ್ಕೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5, ಕಲ್ಯಾಣ ಕರ್ನಾಟಕದವರಿಗೆ ಶೇ 8. ಹಂಚಿಕೆ ಪಟ್ಟಿಯಲ್ಲಿ ಕಾಣುವ 2ಎಜಿ (2ಎ ಸಾಮಾನ್ಯ), 2ಎಆರ್ (ಗ್ರಾಮೀಣ), 2ಎಕೆ (ಕನ್ನಡ ಮಾಧ್ಯಮ), 2ಎಎಚ್ (ಕಲ್ಯಾಣ ಕರ್ನಾಟಕ) ಎಂಬ ಸಂಕೇತಗಳು ಇವೇ. ಹಾಸನದಲ್ಲಿ 2ಎಆರ್ ಸುಮಾರು 3, 2ಎಕೆ ಒಂದೇ ಒಂದು. ಒಂದೇ ಸೀಟಿಗೆ ಯಾಕಿಷ್ಟು ಒದ್ದಾಟ ಎನ್ನಬೇಡಿ. ಸರದಿ ಬಂದಾಗ ಗಣಕಯಂತ್ರ ಇವಳನ್ನು ಜಿಎಂ, ಜಿಎಂ ಗ್ರಾಮೀಣ, ಜಿಎಂ ಕನ್ನಡ, 2ಎಜಿ, 2ಎಆರ್, 2ಎಕೆ, ಹೀಗೆ ಆರು ಬಾಗಿಲಲ್ಲಿ ನಿಲ್ಲಿಸಿ ನೋಡುತ್ತದೆ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಪತ್ರ ತಪ್ಪಿದರೆ ಎರಡೆರಡು ಬಾಗಿಲು, ಜಾತಿ ಪತ್ರ ತಪ್ಪಿದರೆ ಮೂರು ಬಾಗಿಲು ಮುಚ್ಚುತ್ತವೆ.

ಎಂಸಿಸಿ ಸಾಲಿನಲ್ಲಿ ಈ ಗ್ರಾಮೀಣ, ಕನ್ನಡ ಮಾಧ್ಯಮ ಯಾವುದೂ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಪಟ್ಟಿಯಂತೆ ಒಬಿಸಿಗೆ ಶೇ 27, ಆರ್ಥಿಕವಾಗಿ ದುರ್ಬಲರಿಗೆ 10, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 7.5. ರಾಜ್ಯದ ಜಾತಿ-ಆದಾಯ ಪತ್ರ ಅಲ್ಲಿ ಸಲ್ಲದು. ಕೇಂದ್ರ ನಮೂನೆಯ ಒಬಿಸಿ ಪತ್ರವನ್ನು ತಹಶೀಲ್ದಾರರಿಂದ ಬೇರೆಯಾಗಿಯೇ ಮಾಡಿಸಬೇಕು. ರಾಜ್ಯದಲ್ಲಿ ಪ್ರವರ್ಗ ಇದ್ದೂ ಕೇಂದ್ರದ ಪಟ್ಟಿಯಲ್ಲಿಲ್ಲದ ಸಮುದಾಯಗಳಿವೆ, ಅವರು ನೀಟ್ ಅರ್ಜಿಯಲ್ಲಿ ಸಾಮಾನ್ಯ ಎಂದೇ ತುಂಬಬೇಕಾಗುತ್ತದೆ. ಹಾಗೆ ತುಂಬಿದ ಮಾತ್ರಕ್ಕೆ ಕೆಇಎಯಲ್ಲಿ 3ಎ, 3ಬಿ ಹೋಗುವುದಿಲ್ಲ.

ಕಾಗದದ ಕೆಲಸ: ಇಡೀ ಪ್ರಕರಣ ನಿಂತದ್ದು ಇಲ್ಲಿ

ತೋಟದ ಕೆಲಸದವರ ಮಕ್ಕಳ ಶಾಲೆ ತೋಟದ ಜತೆಗೇ ಬದಲಾಗುತ್ತದೆ. ತಂದೆ ಮೊದಲು ಇದ್ದದ್ದು ಮೂಡಿಗೆರೆ ತಾಲ್ಲೂಕಿನ ಎಸ್ಟೇಟಿನಲ್ಲಿ, ಹಾಗಾಗಿ 1ರಿಂದ 5ನೇ ತರಗತಿ ಅಲ್ಲಿನ ಸರ್ಕಾರಿ ಶಾಲೆಯಲ್ಲಿ. 6ರಿಂದ 10 ಸಕಲೇಶಪುರ ತಾಲ್ಲೂಕಿನ ಹಳ್ಳಿಯಲ್ಲಿ. ಹತ್ತೂ ವರ್ಷ ಹಳ್ಳಿಯಲ್ಲೇ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲೇ. ಪಿಯುಸಿ ಹಾಸನದಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ. ಅದಕ್ಕೆ ತೊಂದರೆಯಿಲ್ಲ, ಎರಡೂ ಮೀಸಲಿಗೆ ನೋಡುವುದು ಹತ್ತನೆಯವರೆಗೆ. ಆದರೆ ಹತ್ತರಲ್ಲಿ ಒಂದು ವರ್ಷ ಸಕಲೇಶಪುರ ಪುರಸಭೆಯೊಳಗಿನ ಶಾಲೆಯಲ್ಲಿ ಕಲಿತಿದ್ದರೂ ಗ್ರಾಮೀಣ ಪೂರ್ತಿ ಹೋಗುತ್ತಿತ್ತು. ಎಂಟನೇ ತರಗತಿಗೆ ಮಗುವನ್ನು ಪಟ್ಟಣಕ್ಕೆ ಸೇರಿಸುವಾಗ ಈ ಮಾತನ್ನು ಯಾರೂ ತಂದೆತಾಯಿಗೆ ಹೇಳುವುದಿಲ್ಲ, ಹೇಳಬೇಕಿತ್ತು.

ಎರಡು ಶಾಲೆ, ಎರಡು ತಾಲ್ಲೂಕು, ಎರಡು ಜಿಲ್ಲೆ. ಆದ್ದರಿಂದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳು ಎರಡು ಜೊತೆ ಬೇಕು. ಪ್ರತಿಯೊಂದಕ್ಕೂ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲು ಸಹಿ ಮತ್ತು ಮೊಹರು. ಇವಳ ಕೈಯಲ್ಲಿ ಮೊದಲು ಇದ್ದದ್ದು ಸಕಲೇಶಪುರದ್ದು ಮಾತ್ರ. ಮೂಡಿಗೆರೆಯ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಮಲೆನಾಡಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ಇಂಥ ಶಾಲೆಯ ದಾಖಲಾತಿ ಪುಸ್ತಕವನ್ನು ಹತ್ತಿರದ ಶಾಲೆಗೋ ಬಿಇಒ ಕಚೇರಿಗೋ ವಹಿಸಿರುತ್ತಾರೆ. ಮೊದಲು ಬಿಇಒ ಕಚೇರಿಯಲ್ಲಿ ಕೇಳಿ, ಪುಸ್ತಕ ಯಾವ ಶಾಲೆಯಲ್ಲಿದೆ ಎಂದು ತಿಳಿದುಕೊಂಡು, ಅಲ್ಲಿನ ಮುಖ್ಯೋಪಾಧ್ಯಾಯರಿಂದ ಬರೆಸಿಕೊಳ್ಳಬೇಕು. ಇವರಿಗೆ ಹಿಡಿದದ್ದು ಮೂರು ಓಡಾಟ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಶಿಕ್ಷಕರು ಸಿಗುವುದಿಲ್ಲ. ಜನವರಿ, ಫೆಬ್ರವರಿಯಲ್ಲೇ ಈ ಕೆಲಸ ಮುಗಿಸುವುದು ಕ್ಷೇಮ.

ಮೂರನೆಯ ಕಾಗದ ಜಾತಿ-ಆದಾಯ ಪತ್ರ. 2ಎ, 2ಬಿ, 3ಎ, 3ಬಿಯವರಿಗೆ ನಮೂನೆ ಎಫ್, ಪ್ರವರ್ಗ 1ಕ್ಕೆ ಇ, ಪರಿಶಿಷ್ಟರಿಗೆ ಡಿ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಕೆಇಎ ಅರ್ಜಿಯಲ್ಲಿ ತುಂಬಿದಾಗ ಕಂದಾಯ ಇಲಾಖೆಯ ದಾಖಲೆಯೊಂದಿಗೆ ತಾಳೆ ನೋಡಲಾಗುತ್ತದೆ. ಇವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಇತ್ತು. ಆರ್‌ಡಿ ಪತ್ರದಲ್ಲಿ ಆ ಜಾಗದಲ್ಲಿ ತಂದೆಯ ಪೂರ್ತಿ ಹೆಸರು. ತಾಳೆಯಾಗಲಿಲ್ಲ. ಅರ್ಜಿ ತುಂಬಿಕೊಟ್ಟ ಸೈಬರ್ ಅಂಗಡಿಯವರು ಪರದೆಯ ಮೇಲಿನ ಆ ಸೂಚನೆಯನ್ನು ಗಮನಿಸದೆ ಮುಂದೆ ಒತ್ತಿಬಿಟ್ಟಿದ್ದರು. ಪರಿಶೀಲನೆಯ ಚೀಟಿ ಡೌನ್‌ಲೋಡ್ ಮಾಡಿದಾಗ ವರ್ಗದ ಜಾಗದಲ್ಲಿ ಜಿಎಂ ಎಂದಿತ್ತು. ಗ್ರಾಮೀಣ, ಕನ್ನಡ ಎರಡರ ಮುಂದೆಯೂ ‘ಇಲ್ಲ’.

ಆರರಲ್ಲಿ ಐದು ಬಾಗಿಲು ಮುಚ್ಚಿದ್ದವು. ಆ ಚೀಟಿಯನ್ನು ಮಡಚಿ ಫೈಲಿಗೆ ಸೇರಿಸಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಓದಿ ನೋಡಿದವಳು ತಾಯಿ. ಅಂಗನವಾಡಿ ಕಾರ್ಯಕರ್ತೆ, ದಿನಾ ನಮೂನೆ ತುಂಬಿ ಅಭ್ಯಾಸವಿದ್ದವರು. ನಾಡಕಚೇರಿಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆಯೇ ಹೆಸರು ಕೊಟ್ಟು ಹೊಸ ಅರ್ಜಿ ಹಾಕಿದರು. ಗ್ರಾಮ ಆಡಳಿತಾಧಿಕಾರಿಯ ವರದಿ, ತಹಶೀಲ್ದಾರರ ಸಹಿ ಆಗಿ ಪತ್ರ ಬರಲು ಮೂರು ವಾರ. ಅಷ್ಟರಲ್ಲಿ ಕೆಇಎ ತಿದ್ದುಪಡಿಗೆ ಅವಕಾಶ ಕೊಟ್ಟಿತ್ತು. ಹೊಸ ಆರ್‌ಡಿ ಸಂಖ್ಯೆ ತುಂಬಿ, ಎರಡೂ ಶಾಲೆಗಳ ಪತ್ರ ಸೇರಿಸಿ, ಹೊಸ ಚೀಟಿ ತೆಗೆದರು. ತಿದ್ದುಪಡಿಯ ಅವಧಿ ಮುಗಿದ ಮೇಲೆ ಬಂದಿದ್ದರೆ ಆ ಪತ್ರ ಮುಂದಿನ ವರ್ಷಕ್ಕೇ.

ಆಯ್ಕೆಗಳ ಪಟ್ಟಿ

ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಶನ್ ಎಂಟ್ರಿ ಶುರುವಾದಾಗ ತಂದೆಯ ಲೆಕ್ಕ ಇದು: "ಮೈಸೂರು, ಬೆಂಗಳೂರು ಮೇಲೆ ಹಾಕಿದರೆ ಅದೂ ಸಿಗಲ್ಲ, ಹಾಸನಾನೂ ಕೈತಪ್ಪುತ್ತೆ. ಹಾಸನಾನೇ ಮೊದಲು ಹಾಕ್ಬಿಡು." ಈ ಭಯ ಎಲ್ಲರಿಗೂ ಇದೆ, ಮತ್ತು ಇದಕ್ಕೆ ಆಧಾರವಿಲ್ಲ. ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು ಅವರ ಮೊದಲ ಆಯ್ಕೆಯಲ್ಲಿ ಸೀಟು ಇದೆಯೇ ಎಂದು ನೋಡುತ್ತಾರೆ, ಇಲ್ಲವಾದರೆ ಎರಡನೆಯದು, ಮೂರನೆಯದು. ಮೇಲಿನದು ಸಿಗದಿದ್ದರೆ ಏನೂ ನಷ್ಟವಿಲ್ಲ, ಏಕೆಂದರೆ ಮುಂದಿನವರ ಸರದಿ ಬರುವುದು ಇವಳ ಪಟ್ಟಿ ಪೂರ್ತಿ ನೋಡಿದ ಮೇಲೆಯೇ. ಆದರೆ ಒಂದು ಸಿಕ್ಕಿತೆಂದರೆ ಅದರ ಕೆಳಗಿನವೆಲ್ಲ ರದ್ದು. ಹಾಗಾಗಿ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಬೇಕು. ಹಾಸನ ಮನೆಗೆ 40 ಕಿ.ಮೀ., ಅದೇ ಬೇಕು ಅನ್ನುವುದಾದರೆ ಅದನ್ನೇ ಮೇಲಿಡಲಿ. ಮೈಸೂರು ಹೆಚ್ಚು ಇಷ್ಟವಿದ್ದೂ ಹೆದರಿ ಕೆಳಗಿಳಿಸಬಾರದು. ಹುಡುಗಿ ಬರೆದದ್ದು ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಮಂಡ್ಯ, ಶಿವಮೊಗ್ಗ, ಕೊಡಗು. ಆಮೇಲೆ ಉಳಿದ ಎಲ್ಲ ಸರ್ಕಾರಿ ಕಾಲೇಜು.

ಅಪಾಯ ಇರುವುದು ಖಾಸಗಿ ಕಾಲೇಜುಗಳ ಸಾಲಿನಲ್ಲಿ. ಒಂದೇ ಕಾಲೇಜಿನಲ್ಲಿ ಸರ್ಕಾರಿ ಸೀಟು, ಖಾಸಗಿ ಸೀಟು, ಎನ್‌ಆರ್‌ಐ ಸೀಟು ಬೇರೆ ಬೇರೆ ಶುಲ್ಕದಲ್ಲಿ ಬೇರೆ ಬೇರೆ ಆಯ್ಕೆಯಾಗಿ ಕಾಣಿಸುತ್ತವೆ. ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಲಕ್ಷದೊಳಗೆ, ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು, ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತು ಲಕ್ಷ ದಾಟುತ್ತದೆ. ಕಾಲೇಜಿನ ಹೆಸರು ಮಾತ್ರ ನೋಡಿ ಒತ್ತಿದರೆ ಹತ್ತು ಲಕ್ಷದ ಸೀಟು ಒಂದೂವರೆ ಲಕ್ಷದ್ದಕ್ಕಿಂತ ಮೇಲೆ ಕೂರುತ್ತದೆ, ಸಿಕ್ಕಿಯೂ ಬಿಡುತ್ತದೆ. ಇವಳ ಪಟ್ಟಿಯಲ್ಲಿ 14ನೇ ಸಾಲಿನಲ್ಲಿ ಹಾಗೊಂದು ಕೂತಿತ್ತು. ತಾಲೀಮಿಗೆಂದು ಮಾಡುವ ಅಣಕು ಹಂಚಿಕೆಯ ಮುನ್ನ ಶುಲ್ಕದ ಕಾಲಂ ಒಂದನ್ನೇ ಮೇಲಿಂದ ಕೆಳಗೆ ಓದಿದಾಗ ಸಿಕ್ಕಿತು. ಕಟ್ಟಲಾಗದ ಶುಲ್ಕದ ಆಯ್ಕೆ ಪಟ್ಟಿಯ ಕೊನೆಯಲ್ಲೂ ಇರಬಾರದು. ಪಾಸ್‌ವರ್ಡ್, ಓಟಿಪಿ ಬರುವ ಸಿಮ್, ಎರಡೂ ಮನೆಯವರ ಕೈಯಲ್ಲೇ ಇರಬೇಕು, ಸೈಬರ್ ಅಂಗಡಿಯಲ್ಲಲ್ಲ.

ಸುತ್ತುಗಳು

ಅಣಕು ಹಂಚಿಕೆಯಲ್ಲಿ ಕೊಡಗು ಬಂತು. ಮೊದಲ ಸುತ್ತಿನಲ್ಲಿ ಚಿಕ್ಕಮಗಳೂರು, 2ಎಆರ್ ಅಡಿಯಲ್ಲಿ. ಅಂದರೆ ಮುಚ್ಚಿದ ಶಾಲೆಯ ಪುಸ್ತಕದಿಂದ ಬರೆಸಿಕೊಂಡು ಬಂದ ಗ್ರಾಮೀಣ ಪತ್ರ ಕೆಲಸ ಮಾಡಿತ್ತು.

ಈಗ ಛಾಯ್ಸ್ ಹೇಳಬೇಕು. ಒಂದು: ಇದೇ ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ. ಎರಡು: ಶುಲ್ಕ ಕಟ್ಟಿ ಸೀಟು ಹಿಡಿದಿಟ್ಟುಕೊಂಡು, ಮೇಲಿನ ಆಯ್ಕೆಗೆ ಮುಂದಿನ ಸುತ್ತಿಗೂ ಹೋಗುತ್ತೇನೆ. ಮೂರು: ಇದು ಬೇಡ, ಮುಂದಿನ ಸುತ್ತು ಬೇಕು. ನಾಲ್ಕು: ಪ್ರಕ್ರಿಯೆಯಿಂದಲೇ ಹೊರಗೆ. ಮೂರನ್ನು ಆರಿಸಿದವರಿಗೆ ಮುಂದೆ ಏನೂ ಸಿಗದೆ ಹೋಗಬಹುದು. ಎರಡನ್ನು ಆರಿಸಿದವರು ಒಂದು ಮಾತು ನೆನಪಿಡಬೇಕು: ಮೇಲಿನ ಆಯ್ಕೆ ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ಹೋಗುತ್ತದೆ, ಮರಳಿ ಬರುವುದಿಲ್ಲ. ಆದ್ದರಿಂದ ಎರಡನೇ ಸುತ್ತಿಗೆ ಮುನ್ನ, ಕೈಯಲ್ಲಿರುವುದಕ್ಕಿಂತ ನಿಜವಾಗಿಯೂ ಬೇಕಾದ ಕಾಲೇಜುಗಳನ್ನಷ್ಟೇ ಮೇಲೆ ಉಳಿಸಿಕೊಂಡು ಉಳಿದದ್ದನ್ನು ತೆಗೆಯಬೇಕು. ಇವಳು ಎರಡನ್ನು ಒತ್ತಿ ಚಿಕ್ಕಮಗಳೂರಿನ ಶುಲ್ಕ ಕಟ್ಟಿದಳು. ಹಣಕ್ಕೆ ತೋಟದ ಮಾಲೀಕರಿಂದ ಮುಂಗಡ ತಂದರು. ದೇವರಾಜ ಅರಸು ನಿಗಮದ ‘ಅರಿವು’ ಸಾಲಕ್ಕೂ ಅರ್ಜಿ ಹಾಕಿದರು. ಆ ಹಣ ಬರುವವರೆಗೆ ಶುಲ್ಕದ ಕೊನೆಯ ದಿನಾಂಕ ಕಾಯುವುದಿಲ್ಲ, ಮೊದಲ ಕಂತು ಕೈಯಲ್ಲಿರಲೇಬೇಕು.

ಎಂಸಿಸಿಯಲ್ಲೂ ಹೆಸರು ನೋಂದಾಯಿಸಿದ್ದರು. ಒಬಿಸಿಗೆ 500 ರೂಪಾಯಿ ಶುಲ್ಕ, ಜೊತೆಗೆ ಮರಳಿ ಬರುವ 5,000 ಠೇವಣಿ. ಅಲ್ಲಿ ಏನೂ ಬರಲಿಲ್ಲ. ಆದರೆ ಇವಳಿಗಿಂತ ಮೇಲಿನ ರ‍್ಯಾಂಕಿನ ಕೆಲವರಿಗೆ ಅಲ್ಲಿ ಸೀಟು ಸಿಕ್ಕಿ ಅವರು ರಾಜ್ಯದ ಸೀಟು ಬಿಟ್ಟರು. ಹಾಗೆ ಮೇಲೆ ತೆರವಾದ ಜಾಗಕ್ಕೆ ಕೆಳಗಿನವರು ಏರುತ್ತಾರೆ, ಅವರ ಜಾಗಕ್ಕೆ ಮತ್ತೊಬ್ಬರು. ಎರಡನೇ ಸುತ್ತಿನ ಪಟ್ಟಿಯಲ್ಲಿ ಇವಳ ಹೆಸರಿನ ಮುಂದೆ ಹಾಸನ ಎಂದಿತ್ತು, ಸಂಕೇತ 2ಎಕೆ. ಅಲ್ಲಿದ್ದ ಆ ಒಂದೇ ಸೀಟನ್ನು ಮೊದಲ ಸುತ್ತಿನಲ್ಲಿ ಪಡೆದಿದ್ದವರು ಮೈಸೂರಿಗೆ ಏರಿದ್ದರು.

ಸೇರುವ ದಿನಕ್ಕೆ ಬೇಕಾದದ್ದು: ಹಂಚಿಕೆ ಪತ್ರ, ಶುಲ್ಕದ ರಸೀದಿ, ನೀಟ್ ಪ್ರವೇಶಪತ್ರ ಮತ್ತು ಸ್ಕೋರ್ ಕಾರ್ಡ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿ, ಕರ್ನಾಟಕದಲ್ಲಿ ಏಳು ವರ್ಷ ಓದಿದ ವ್ಯಾಸಂಗ ಪತ್ರ, ನಮೂನೆ ಎಫ್, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಎರಡೆರಡು ಪತ್ರ, ಮೂಲ ಟಿಸಿ, ವೈದ್ಯಕೀಯ ದೃಢತೆ ಪತ್ರ, ಫೋಟೊ. ಟಿಸಿ ಒಮ್ಮೆ ಕಾಲೇಜಿಗೆ ಹೋದರೆ ಕೈಗೆ ಬರುವುದು ಕಷ್ಟ. ಎಲ್ಲದರ ಐದೈದು ಜೆರಾಕ್ಸ್ ಮೊದಲೇ ಮಾಡಿಟ್ಟುಕೊಂಡಿದ್ದರು. ಚಿಕ್ಕಮಗಳೂರಿನಲ್ಲಿ ಇವಳು ಬಿಟ್ಟ 2ಎಆರ್ ಸೀಟು ಅದೇ ಸುತ್ತಿನಲ್ಲಿ ರ‍್ಯಾಂಕಿನಲ್ಲಿ ಇವಳ ಹಿಂದಿದ್ದ ಇನ್ನೊಬ್ಬರಿಗೆ ಹೋಗಿತ್ತು.